ಪಾಕ ಸುರಿಯುವ ಮೊದಲು ಒಂದು ಚಮಚ: ನಾಗಾತೋರೋದ ಕಾಕಿಗೋರಿ ಅಂಗಡಿಯಲ್ಲಿ

ಬೇಸಿಗೆಯಲ್ಲಿ ಜಪಾನಿಗೆ ಬರುವ ನೆಂಟರಿಗೆಲ್ಲ ನಾನು ಹೇಳುವುದು ಒಂದೇ ಮಾತು. ಫ್ಯೂಜಿ ಬೆಟ್ಟ ಕಾಣದಿದ್ದರೆ ಬೇಜಾರು ಮಾಡ್ಕೋಬೇಡಿ, ಈ ತಿಂಗಳುಗಳಲ್ಲಿ ಅದು ಮೋಡದೊಳಗೇ ಜಾಸ್ತಿ ಇರುತ್ತದೆ. ಆದರೆ ಒಂದು ಒಳ್ಳೇ ಕಾಕಿಗೋರಿ ಅಂಗಡಿಗೆ ಹೋಗದೆ ವಾಪಸ್ ಹೋಗಬೇಡಿ.

ಕಾಕಿಗೋರಿ ಅಂದರೆ ಹೆರೆದ ಐಸ್. ನಮ್ಮೂರ ಐಸ್ ಗೋಲಾದ ದೂರದ ಸಂಬಂಧಿ ಅನ್ನಬಹುದು. ಇಲ್ಲಿನ ಜಾತ್ರೆ ಬೀದಿಗಳಲ್ಲೂ ಕೆಂಪು, ಹಸಿರು, ನೀಲಿ ಪಾಕ ಸುರಿದ ಅಗ್ಗದ ಕಾಕಿಗೋರಿ ಸಿಗುತ್ತದೆ. ಮಕ್ಕಳಿಗೆ ಅದೇ ಇಷ್ಟ. ನಾನು ಹೇಳುತ್ತಿರುವುದು ಐಸನ್ನೇ ಮುಖ್ಯ ಪದಾರ್ಥ ಅಂತ ನೋಡುವ ಅಂಗಡಿಗಳ ಬಗ್ಗೆ. ಅಲ್ಲಿ ಒಂದು ಬಟ್ಟಲಿಗೆ ಸಾವಿರ ಯೆನ್ ದಾಟುವುದು ಮಾಮೂಲು. ನೀರಿಗೆ ಇಷ್ಟು ದುಡ್ಡಾ ಅಂತ ನನ್ನನ್ನು ತುಂಬ ಜನ ಕೇಳಿದ್ದಾರೆ. ಹೌದು, ನೀರಿಗೇ. ಆ ನೀರನ್ನು ಹೇಗೆ ಗಟ್ಟಿ ಮಾಡಿದ್ದಾರೆ ಅನ್ನುವುದಕ್ಕೆ.

ಕಳೆದ ಆಗಸ್ಟ್‌ನಲ್ಲಿ ಅಕ್ಕನ ಮಗಳು ಮೈಸೂರಿಂದ ಬಂದಿದ್ದಳು. ಅವಳನ್ನು ಸೈತಾಮಾ ಪ್ರಾಂತ್ಯದ ನಾಗಾತೋರೋಗೆ ಕರೆದುಕೊಂಡು ಹೋದೆ. ಅಲ್ಲಿನ 'ಆಸಾಮಿ ರೇಯ್‌ಝೋ' ಅನ್ನುವ ಅಂಗಡಿ 1890ರಲ್ಲಿ ಶುರುವಾದ ಐಸ್ ಮನೆತನದ್ದು. ಚಳಿಗಾಲದಲ್ಲಿ ಕೊಳದಲ್ಲಿ ತಾನಾಗಿ ಹೆಪ್ಪುಗಟ್ಟಿದ ಐಸನ್ನು ಕೊಯ್ದು ಇಟ್ಟುಕೊಂಡು ಬೇಸಿಗೆಯಲ್ಲಿ ಹೆರೆದು ಕೊಡುತ್ತಾರೆ. ಈ ಕೆಲಸ ಇನ್ನೂ ಮಾಡುತ್ತಿರುವವರು ಇಡೀ ಜಪಾನಿನಲ್ಲಿ ಬೆರಳೆಣಿಕೆಯಷ್ಟು. ನಿಕ್ಕೋ ಕಡೆ ಕೆಲವರಿದ್ದಾರೆ, ಇಲ್ಲಿ ಇವರು.

ನಾನಿರುವುದು ಟೋಕಿಯೋದ ನಿಶಿ ಕಾಸಾಯ್‌ನಲ್ಲಿ. ಊಎನೋದಿಂದ ತಾಕಾಸಾಕಿ ಲೈನ್ ರೈಲು ಹಿಡಿದರೆ ಕುಮಾಗಾಯಾಗೆ ಹೆಚ್ಚುಕಮ್ಮಿ ಒಂದು ಗಂಟೆ. ಅಲ್ಲಿ ಚಿಚಿಬು ರೈಲ್ವೆಗೆ ಬದಲಾಯಿಸಬೇಕು. ಟೋಬು ಲೈನಲ್ಲಿ ಯೋರಿಯ್ ಮೇಲೂ ಬರಬಹುದು. ಆದರೂ ನನಗೆ ಕುಮಾಗಾಯಾ ದಾರಿಯೇ ಇಷ್ಟ, ಯಾಕೆಂದರೆ ಸೆಕೆ ಅಂದರೇನು ಅಂತ ಗೊತ್ತಾಗುವುದು ಆ ಊರಲ್ಲೇ. 2018ರ ಜುಲೈ 23ರಂದು ಅಲ್ಲಿ 41.1 ಡಿಗ್ರಿ ದಾಖಲಾಯಿತು, ಆಗ ಅದು ಜಪಾನಿನ ದಾಖಲೆ. ಪ್ಲಾಟ್‌ಫಾರಂ ಮೇಲೆ ನಿಂತರೆ ಬಿಸಿ ಗಾಳಿ ಮುಖಕ್ಕೆ ರಾಚುತ್ತದೆ. ಕಲಬುರಗಿಯ ಬಿಸಿಲು ಕಂಡವರಿಗೆ ಅಂಕಿ ದೊಡ್ಡದಲ್ಲ. ಆದರೆ ಇಲ್ಲಿನದು ಬೆವರು ಆರದ ಸೆಕೆ, ಅಂಗಿ ಬೆನ್ನಿಗೆ ಅಂಟಿಕೊಂಡೇ ಇರುತ್ತದೆ. ಕಾಕಿಗೋರಿಗೆ ಇಲ್ಲಿ ಒಂದು ದಿನವೇ ಇದೆ, ಜುಲೈ 25. 1933ರಲ್ಲಿ ಅದೇ ದಿನ ಯಾಮಾಗಾತಾದಲ್ಲಿ 40.8 ಡಿಗ್ರಿ ಬಿಸಿಲಿತ್ತು ಅನ್ನುವುದು ಆ ದಿನವನ್ನು ಆರಿಸಿದ್ದಕ್ಕೆ ಒಂದು ಕಾರಣ.

ಕಾಮಿ ನಾಗಾತೋರೋ ಚಿಕ್ಕ ಸ್ಟೇಷನ್. ಇಳಿದು ಸ್ವಲ್ಪ ನಡೆದರೆ ಅಂಗಡಿ. ವಾರದ ನಡುವಿನ ದಿನವನ್ನೇ ಆರಿಸಿಕೊಂಡಿದ್ದೆ, ಬಾಗಿಲು ತೆಗೆಯುವ ಮುಂಚೆಯೇ ತಲುಪಿದೆವು. ಆದರೂ ನಮಗಿಂತ ಮುಂದೆ ಜನ ಇದ್ದರು. ಆಗಸ್ಟ್‌ನ ಶನಿವಾರ, ಭಾನುವಾರ ಹೋದರೆ ಗಂಟೆಗಟ್ಟಲೆ ಕಾಯಬೇಕು. ಟೋಪಿ, ನೀರಿನ ಬಾಟಲಿ, ಬೀಸಣಿಗೆ ಇಟ್ಟುಕೊಂಡಿದ್ದೆ. ಬೆಳಿಗ್ಗೆ ತಿಂಡಿಯನ್ನು ಬೇಕೆಂದೇ ಕಮ್ಮಿ ತಿಂದಿದ್ದೆವು. ಹೊಟ್ಟೆ ತುಂಬಿದ್ದರೆ ಆ ಗುಡ್ಡೆಯನ್ನು ಮುಗಿಸುವುದು ಕಷ್ಟ.

ಕಾಯುವಾಗ ಅವಳಿಗೆ ಕೊಳದ ಐಸಿನ ಕತೆ ಹೇಳಿದೆ. ಇದು ನನಗೆ ತುಂಬ ಇಷ್ಟದ ಭಾಗ. ಬೆಟ್ಟದ ನೀರನ್ನು ಚಳಿಗಾಲದಲ್ಲಿ ಆಳವಿಲ್ಲದ ಕೊಳಕ್ಕೆ ಬಿಡುತ್ತಾರೆ. ರಾತ್ರಿಯ ಚಳಿಗೆ ಅದು ಮೇಲಿಂದ ಕೆಳಗೆ ನಿಧಾನವಾಗಿ ಹೆಪ್ಪುಗಟ್ಟುತ್ತಾ ಹೋಗುತ್ತದೆ. ಸುಮಾರು 15 ಸೆಂಟಿಮೀಟರ್ ದಪ್ಪ ಆದಮೇಲೆ ಕೊಯ್ಲು. ಈ ನಡುವೆ ಹಿಮ ಬಿದ್ದರೆ ನಡುರಾತ್ರಿಯಾದರೂ ಎದ್ದು ಗುಡಿಸಬೇಕು. ಯಾಕೆಂದರೆ ಹಿಮ ಕೂತ ಜಾಗದಲ್ಲಿ ಐಸ್ ಬೆಳ್ಳಗಾಗಿ ಸಡಿಲವಾಗುತ್ತದೆ. ಮಳೆ ಬಂದರಂತೂ ಅಷ್ಟು ದಿನದ ಐಸ್ ಹಾಳು, ಮತ್ತೆ ಮೊದಲಿಂದ ಶುರು. ಎಲೆ, ಕಸಕಡ್ಡಿಯನ್ನು ದಿನಾ ಆರಿಸಬೇಕು. ಬೆಳೆ ಕಾಯುವ ರೈತನಿಗೂ ಇವರಿಗೂ ನನಗೆ ಏನೂ ವ್ಯತ್ಯಾಸ ಕಾಣುವುದಿಲ್ಲ. ಚಳಿ ಸರಿಯಾಗಿ ಬೀಳದ ವರ್ಷ ಇವರ ಎದೆ ಹೇಗೆ ಹೊಡ್ಕೊಳ್ಳಬಹುದು ಅಂತ ಯೋಚಿಸುತ್ತೇನೆ.

ನಿಧಾನವಾಗಿ ಹೆಪ್ಪುಗಟ್ಟಬೇಕು ಅನ್ನುವುದಕ್ಕೆ ಕಾರಣ ಇದೆ. ನೀರು ಐಸ್ ಆಗುವಾಗ ತನ್ನೊಳಗಿನ ಗಾಳಿಯನ್ನೂ ಲವಣಗಳನ್ನೂ ಹೊರಗೆ ತಳ್ಳುತ್ತದೆ. ನಮ್ಮ ಫ್ರಿಜ್ಜಿನಲ್ಲಿ ಎಲ್ಲ ಕಡೆಯಿಂದ ಬೇಗ ಗಟ್ಟಿಯಾಗುವುದರಿಂದ ಗಾಳಿ ನಡುವೆ ಸಿಕ್ಕಿಬೀಳುತ್ತದೆ, ಅದಕ್ಕೇ ಒಳಗೆ ಬೆಳ್ಳಗೆ ಕಾಣುವುದು. ನಿಧಾನವಾಗಿ ಆದ ಐಸ್ ಗಾಜಿನಂತೆ ತಿಳಿ ಮತ್ತು ಗಟ್ಟಿ. ಗಟ್ಟಿ ಇದ್ದರೆ ಮಾತ್ರ ಅಲಗು ಅದನ್ನು ಪುಡಿ ಮಾಡದೆ ಪದರ ಪದರವಾಗಿ ಹೆರೆಯುತ್ತದೆ.

ನಮ್ಮ ಸರದಿ ಬಂತು. ನಾನು ಮನೆತನದ ಸಕ್ಕರೆ ಪಾಕದ್ದು ಹೇಳಿದೆ, ಅವಳು ಮಾಚಾ, ಅಂದರೆ ಹಸಿರು ಚಹಾ ಪುಡಿ, ಮತ್ತು ಅಝುಕಿ ಕಾಳಿನ ಸಿಹಿ ಹೂರಣದ್ದು. ಬಟ್ಟಲು ಬಂದಾಗ ಅವಳ ಮುಖ ನೋಡಬೇಕಿತ್ತು. ಬರೀ ಬಿಳಿ ಗುಡ್ಡೆ. ಪಾಕ ಬೇರೆ ಪುಟ್ಟ ಪಾತ್ರೆಯಲ್ಲಿ, ಹೂರಣ ಬೇರೆ ಬಟ್ಟಲಲ್ಲಿ.

"ಚಿಕ್ಕಮ್ಮ, ಇದಕ್ಕೇನೂ ಹಾಕೇ ಇಲ್ವಲ್ಲ?"

"ಅದಕ್ಕೇ ಇಲ್ಲಿಗೆ ಕರ್ಕೊಂಡು ಬಂದಿದ್ದು. ಸುಮ್ನೆ ಒಂದು ಚಮಚ ಹಾಗೇ ತಿನ್ನು."

ತಿಂದಳು. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಅಗಿಯೋಕೆ ಏನೂ ಸಿಗ್ಲಿಲ್ಲ" ಅಂದಳು. ಅವಳು ಹೇಳಿದ್ದು ಸರಿಯಾಗಿತ್ತು. ಹಲ್ಲಿಗೆ ಕಟಕಟ ಅನ್ನುವ ಹರಳು ಒಂದೂ ಇಲ್ಲ. ಹತ್ತಿರದಿಂದ ನೋಡಿದರೆ ಗುಡ್ಡೆ ತುಂಬ ಸಣ್ಣ ಸಣ್ಣ ಮಡಿಕೆಗಳು, ತೆಳು ಪಟ್ಟಿಗಳು ಒಂದರ ಮೇಲೊಂದು ಸಡಿಲವಾಗಿ ಬಿದ್ದಿವೆ. ಅವುಗಳ ನಡುವೆ ಗಾಳಿ. ನಾಲಿಗೆ ಮೇಲೆ ಇಟ್ಟರೆ ತಣ್ಣಗಿನ ಸ್ಪರ್ಶ ಬಂದು ಹೋಗುತ್ತದೆ, ನೀರು ಮಾತ್ರ ಉಳಿಯುತ್ತದೆ. ಆ ನೀರಿಗೂ ಒಂದು ರುಚಿ ಇದೆ. ಒಳ್ಳೇ ಬಾವಿಯ ನೀರು ಕುಡಿದು ಬೆಳೆದವರಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಪಾಕವನ್ನು ಒಂದೇ ಸಲ ಸುರಿಯಬಾರದು. ಸುರಿದರೆ ಗುಡ್ಡೆ ಕುಸಿದು ತಳದಲ್ಲಿ ಸಿಹಿನೀರು ನಿಲ್ಲುತ್ತದೆ. ಎರಡು ಮೂರು ಚಮಚಕ್ಕೆ ಆಗುವಷ್ಟು ಹಾಕಿ ತಿನ್ನುವುದು, ಮತ್ತೆ ಹಾಕುವುದು. ನಾನು ಬದಿಯಿಂದ ಶುರು ಮಾಡುತ್ತೇನೆ, ತುದಿಯಿಂದ ಚುಚ್ಚಿದರೆ ಅರ್ಧ ಮೇಜಿನ ಮೇಲೆ ಬೀಳುತ್ತದೆ. ಹೂರಣವನ್ನೂ ಐಸಿನ ಜೊತೆ ಕಲಸದೆ ಚಮಚದ ತುದಿಯಲ್ಲಿ ಚೂರು ತೆಗೆದುಕೊಂಡರೆ ಚೆನ್ನ. ತಣ್ಣಗಾದ ಹೂರಣ ಗಟ್ಟಿಯಾಗಿ ರುಚಿ ಕಳೆದುಕೊಳ್ಳುತ್ತದೆ.

ಅವಳು ಕಾಯುತ್ತಿದ್ದ ತಲೆನೋವು ಬರಲೇ ಇಲ್ಲ. ತಣ್ಣಗಿನದು ಅಂಗುಳಕ್ಕೆ ಒಮ್ಮೆಲೇ ತಗುಲಿದಾಗ ಹಣೆ ಝುಂ ಅನ್ನುತ್ತದಲ್ಲ, ಅದು. ಇದರ ಗುಟ್ಟು ಐಸಿನ ಬಿಸುಪಿನಲ್ಲಿದೆ. ಫ್ರೀಜರ್‌ನಿಂದ ತೆಗೆದ ತಕ್ಷಣ ಐಸ್ ತೀರಾ ತಣ್ಣಗಿರುತ್ತದೆ, ಹೆರೆದರೆ ಮರಳು ಮರಳಾಗಿ ಉದುರುತ್ತದೆ. ಒಳ್ಳೇ ಅಂಗಡಿಯವರು ಅದನ್ನು ಹೊರಗಿಟ್ಟು ಮೇಲ್ಮೈ ಒದ್ದೆಯಾಗಿ ಹೊಳೆಯುವವರೆಗೆ ಕಾಯುತ್ತಾರೆ. ಆಗ ಹೆರೆದರೆ ತೆಳ್ಳಗೆ ಬರುತ್ತದೆ, ಬಾಯಲ್ಲಿ ಬೇಗ ಕರಗುತ್ತದೆ, ತಲೆಗೆ ಹೊಡೆಯುವುದೂ ಕಮ್ಮಿ.

ಕೊಳದ ಐಸೇ ಬೇಕು ಅಂತ ನಾನು ಹಟ ಮಾಡುವುದಿಲ್ಲ. ಕಾರ್ಖಾನೆಯಲ್ಲೂ ನೀರನ್ನು ಕಲಕುತ್ತಾ 48 ಗಂಟೆಗೂ ಮೇಲೆ ನಿಧಾನವಾಗಿ ಗಟ್ಟಿ ಮಾಡಿ 135 ಕಿಲೋದ ತಿಳಿ ಗಡ್ಡೆ ತಯಾರಿಸುತ್ತಾರೆ. ಅಂಗಡಿಗಳು 3.75 ಕಿಲೋದ ತುಂಡುಗಳನ್ನು ತರಿಸಿಕೊಳ್ಳುತ್ತವೆ. ಹದ ಬಲ್ಲವರ ಕೈಯಲ್ಲಿ ಅದೂ ಅದ್ಭುತವಾಗುತ್ತದೆ. ಹದ ಗೊತ್ತಿಲ್ಲದವರ ಕೈಯಲ್ಲಿ ಕೊಳದ ಐಸೂ ದಂಡ.

ಹೆರೆಯುವುದನ್ನು ಕಣ್ಣಾರೆ ನೋಡಬೇಕಾದರೆ ಟೋಕಿಯೋದಲ್ಲೇ ಯಾನಾಕಾದ ಹಿಮಿತ್ಸುದೋ ಅನ್ನುವ ಕಾಕಿಗೋರಿ ಅಂಗಡಿಗೆ ಹೋಗಿ. ನಿಪ್ಪೋರಿ ಸ್ಟೇಷನ್‌ನಿಂದ ನಡೆದೇ ಹೋಗಬಹುದು. ಅಲ್ಲಿ ನಿಕ್ಕೋದ ಕೊಳದ ಐಸ್, ಕೈಯಲ್ಲಿ ತಿರುಗಿಸುವ ಯಂತ್ರ. ಒಂದು ಕೈ ಚಕ್ರ ತಿರುಗಿಸುತ್ತಿದ್ದರೆ ಇನ್ನೊಂದು ಕೈ ಕೆಳಗೆ ಬಟ್ಟಲನ್ನು ಸುತ್ತಿಸುತ್ತಾ ಹಿಡಿದಿರುತ್ತದೆ. ಬೀಳುವ ಐಸನ್ನು ಒತ್ತುವುದಿಲ್ಲ, ಬದಿ ಉದುರದ ಹಾಗೆ ಅಂಗೈಯಿಂದ ಸವರುತ್ತಾರೆ ಅಷ್ಟೇ. ಸ್ಟ್ರಾಬೆರಿ ಪಾಕ ಹಣ್ಣಿನಿಂದಲೇ ಮಾಡಿದ್ದು. ಅಲ್ಲಿಯೂ ಸಾಲು ದೊಡ್ಡದು.

ಸಸ್ಯಾಹಾರಿಗಳು ಹಣ್ಣಿನ ಪಾಕ, ಮಾಚಾ, ಅಝುಕಿ, ಅಕ್ಕಿಹಿಟ್ಟಿನ ಶಿರಾತಾಮಾ ಉಂಡೆಗಳನ್ನು ಧೈರ್ಯವಾಗಿ ತಿನ್ನಬಹುದು. ಈಗಿನ ಹೊಸ ಅಂಗಡಿಗಳಲ್ಲಿ ಮೇಲೆ ನೊರೆಯಂಥ ಕ್ರೀಮ್ ಹಾಕುತ್ತಾರೆ. ಅದರಲ್ಲಿ ಜೆಲಾಟಿನ್ ಅಥವಾ ಮೊಟ್ಟೆ ಇರಬಹುದು, ಕೇಳಿ ತಿಳಿದುಕೊಳ್ಳಿ. ತುಂಬ ಕಡೆ ತಲೆಗೊಂದು ಬಟ್ಟಲು ತೆಗೆದುಕೊಳ್ಳಲೇಬೇಕು ಅನ್ನುವ ನಿಯಮ ಇರುತ್ತದೆ, ಇಬ್ಬರು ಒಂದನ್ನು ಹಂಚಿಕೊಳ್ಳುವ ಲೆಕ್ಕದಲ್ಲಿ ಹೋಗಬೇಡಿ. ನಗದು ಇಟ್ಟುಕೊಂಡಿರಿ. ಸಾಲಲ್ಲಿ ನಿಲ್ಲುವ ತಾಳ್ಮೆ ಇಲ್ಲದಿದ್ದರೆ ಚಳಿಗಾಲದಲ್ಲಿ ಹೋಗಿ. ಕಾಕಿಗೋರಿಗೆಂದೇ ಇರುವ ಅಂಗಡಿಗಳಲ್ಲಿ ಕೆಲವು ವರ್ಷವಿಡೀ ತೆರೆದಿರುತ್ತವೆ, ಜನವರಿಯಲ್ಲಿ ಜಾಗ ಸುಲಭವಾಗಿ ಸಿಗುತ್ತದೆ.