ಪ್ರಿಂಟ್ ಸ್ಟುಡಿಯೋದಲ್ಲಿ ಇಬ್ಬರು ಸೇರಿ ಕೆಲಸ ಮಾಡುವುದು ಹೇಗೆ?

ಕಲಾವಿದರು ಚಿತ್ರ ಬರೆಯುತ್ತಾರೆ, ಮುದ್ರಕರು ಅದನ್ನು ಅಚ್ಚು ಹಾಕಿ ಕೊಡುತ್ತಾರೆ, ಅಷ್ಟೇ ಅಲ್ವಾ? ಹೊರಗಿನಿಂದ ನೋಡಿದರೆ ಹಾಗೇ ಕಾಣುತ್ತದೆ. ಒಳಗೆ ನಾಲ್ಕು ದಿನ ನಿಂತು ನೋಡಿ, ಯಾರ ಕೆಲಸ ಎಲ್ಲಿ ಮುಗಿಯಿತು ಅಂತ ಹೇಳುವುದೇ ಕಷ್ಟ. ಕಪ್ಪು ಎಷ್ಟು ಕಪ್ಪಾಗಿರಬೇಕು ಅನ್ನುವುದು ಕಲಾವಿದರ ತಲೆಯಲ್ಲಿರುತ್ತದೆ, ಅದು ಕಾಗದಕ್ಕೆ ಬರುವುದು ಮುದ್ರಕರ ಅಂಗೈಯಿಂದ. ಸ್ಟುಡಿಯೋಗೆ ಹೊಸದಾಗಿ ಸೇರಿದವರಿಗೂ, ಮೊದಲ ಸಲ ಮುದ್ರಕರ ಜೊತೆ ಕೂರಲಿರುವ ಕಲಾವಿದರಿಗೂ ಇದನ್ನು ಬರೆಯುತ್ತಿದ್ದೇನೆ. ಹೆಚ್ಚಾಗಿ ಎಚಿಂಗ್ ಬಗ್ಗೆ, ಅಂದರೆ ಲೋಹದ ಪ್ಲೇಟಿನಲ್ಲಿ ಆಸಿಡ್ಡಿನಂಥ ದ್ರಾವಣದಿಂದ ಗೆರೆ ಕೊರೆದು ಅಚ್ಚು ಹಾಕುವುದು. ಸ್ವಲ್ಪ ಕಲ್ಲಚ್ಚಿನ ಬಗ್ಗೆ, ಅಂದರೆ ಕಲ್ಲಿನ ಮೇಲೆ ಜಿಡ್ಡಿನಿಂದ ಚಿತ್ರ ಬರೆದು ಅಚ್ಚು ಹಾಕುವ ಲಿಥೋಗ್ರಫಿ.

ಹೀಗೆ ಹಂಚಿಕೊಂಡು ಮಾಡುವುದು ಹೊಸದೇನಲ್ಲ. ಜಪಾನಿನ ಉಕಿಯೋ-ಎ ಮರದಚ್ಚುಗಳಲ್ಲಿ ಚಿತ್ರ ಬರೆಯುವವರು, ಮರ ಕೆತ್ತುವವರು, ಅಚ್ಚು ಹಾಕುವವರು, ದುಡ್ಡು ಹಾಕುವ ಪ್ರಕಾಶಕರು ಎಲ್ಲ ಬೇರೆ ಬೇರೆ ಜನ. ಸ್ಟ್ಯಾನ್ಲಿ ವಿಲಿಯಂ ಹೇಟರ್ 1927ರಲ್ಲಿ ಪ್ಯಾರಿಸ್‌ನಲ್ಲಿ ಶುರು ಮಾಡಿ, ಮುಂದೆ ಅಟೆಲಿಯೇ 17 ಅಂತ ಹೆಸರಾದ ಸ್ಟುಡಿಯೋದಲ್ಲಿ ಎಲ್ಲರೂ ಒಟ್ಟಿಗೆ ಪ್ರಯೋಗ ಮಾಡುತ್ತಿದ್ದರು. ತೆಳು ಇಂಕ್, ಗಟ್ಟಿ ಇಂಕ್, ಮೆತ್ತಗಿನ ರೋಲರ್, ಗಡಸು ರೋಲರ್ ಬಳಸಿ ಒಂದೇ ಪ್ಲೇಟಿನಿಂದ ಹಲವು ಬಣ್ಣ ತೆಗೆಯುವ ದಾರಿಯನ್ನು ಕೃಷ್ಣ ರೆಡ್ಡಿ, ಕೈಕೋ ಮೋತಿ ಬೆಳೆಸಿದ್ದು ಅಲ್ಲೇ. ಅಮೆರಿಕದಲ್ಲಿ ಕಲ್ಲಚ್ಚು ಬಲ್ಲ ಮುದ್ರಕರೇ ಕಾಣೆಯಾಗುತ್ತಿದ್ದಾಗ ಜೂನ್ ವೇನ್ 1960ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಟ್ಯಾಮರಿಂಡ್ ವರ್ಕ್‌ಶಾಪ್ ಕಟ್ಟಿದರು. ಮುದ್ರಕರನ್ನು ತಯಾರು ಮಾಡುವುದು ಅದರ ದೊಡ್ಡ ಕೆಲಸ.

ಸರಿ, ಕೆಲಸಕ್ಕೆ ಬರೋಣ.

ಮೊದಲ ದಿನ ಪ್ಲೇಟ್ ಮುಟ್ಟಬೇಡಿ, ಮಾತಾಡಿ. ಅಳತೆ ಎಷ್ಟು, ಬಣ್ಣ ಎಷ್ಟು, ಎಷ್ಟು ಪ್ರತಿ ಬೇಕು, ಯಾವ ಕಾಗದ, ಖರ್ಚು ಯಾರದು, ಪ್ರತಿಗಳನ್ನು ಹೇಗೆ ಹಂಚಿಕೊಳ್ಳುವುದು, ಎಲ್ಲ ಬರೆದಿಟ್ಟುಕೊಳ್ಳಿ. ಸ್ನೇಹಿತರಾದರೆ ಇನ್ನೂ ಖಂಡಿತ ಬರೆದಿಟ್ಟುಕೊಳ್ಳಿ. ಎಷ್ಟು ಪ್ರತಿ ಅನ್ನುವುದರ ಮೇಲೆ ವಿಧಾನವೇ ಬದಲಾಗುತ್ತದೆ. ಪ್ಲೇಟನ್ನು ನೇರವಾಗಿ ಸೂಜಿಯಿಂದ ಗೀಚುವ ಡ್ರೈಪಾಯಿಂಟ್‌ನಲ್ಲಿ ಸೂಜಿ ಎಬ್ಬಿಸಿದ ಲೋಹದ ಅಂಚು ಪ್ರೆಸ್‌ನ ಒತ್ತಡಕ್ಕೆ ಬೇಗ ಸವೆಯುತ್ತದೆ, ಆ ಮಖಮಲ್ಲಿನಂಥ ಗೆರೆ ಕೆಲವೇ ಪ್ರತಿಗಳಲ್ಲಿ ತೆಳುವಾಗಿಬಿಡುತ್ತದೆ. ಐವತ್ತು ಪ್ರತಿ ಬೇಕು ಅಂದವರಿಗೆ ಇದನ್ನು ಮೊದಲೇ ಹೇಳಬೇಕು. ಬರಹ ಇದ್ದರೆ ಪ್ಲೇಟಿನಲ್ಲಿ ಉಲ್ಟಾ ಬರೆಯಬೇಕು ಅನ್ನುವುದನ್ನೂ ನೆನಪಿಸಿ. ಎಲ್ಲರೂ ಮರೆಯುತ್ತಾರೆ.

ಆಮೇಲೆ ಕಲಾವಿದರ ಕೈಗೆ ಗ್ರೌಂಡ್, ಅಂದರೆ ದ್ರಾವಣ ತಡೆಯುವ ಮೇಣದಂಥ ಪದರ, ಸವರಿದ ಅಂಗೈಯಗಲದ ಒಂದು ತಾಮ್ರದ ತುಂಡು ಕೊಡಿ. ಸುಮ್ನೆ ಗೀಚಲಿ. ಅದನ್ನು ತಾಮ್ರ ಕೊರೆಯುವ ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಇಳಿಸಿ, ಸ್ವಲ್ಪ ಹೊತ್ತಿಗೊಮ್ಮೆ ತೆಗೆದು ಒಂದೊಂದು ಪಟ್ಟಿಯನ್ನು ವಾರ್ನಿಶ್‌ನಿಂದ ಮುಚ್ಚುತ್ತಾ ಹೋಗಿ. ಅಚ್ಚು ಹಾಕಿದಾಗ ತೆಳು ಬೂದಿಯಿಂದ ಕಡುಗಪ್ಪಿನವರೆಗೆ ಏಣಿಯ ಹಾಗೆ ಕಾಣುತ್ತದೆ. ಇನ್ನು ಮುಂದೆ "ಇಷ್ಟು ಕಪ್ಪು ಬೇಕು" ಅಂತ ಬೆರಳಿಟ್ಟು ತೋರಿಸಬಹುದು, ಅರ್ಧ ಜಗಳ ಅಲ್ಲೇ ಕಮ್ಮಿ.

ಉಳಿದ ಅರ್ಧ ಬರುವುದು ಪ್ರೂಫ್, ಅಂದರೆ ಪರೀಕ್ಷೆಗೆ ಹಾಕಿದ ಅಚ್ಚು, ತೆಗೆಯುವಾಗ. ಕಲಾವಿದರು ಪ್ರೂಫ್ ನೋಡಿ "ಇನ್ನೂ ಸ್ವಲ್ಪ ಮೃದು ಇರಲಿ" ಅನ್ನುತ್ತಾರೆ. ಇದಕ್ಕೆ ಏನರ್ಥ? ಇಂಕಿಗೆ ಎಣ್ಣೆ ಬೇಕಾ, ಪ್ಲೇಟ್ ಮೇಲೆ ಜಾಸ್ತಿ ಇಂಕ್ ಉಳಿಸಬೇಕಾ, ಕಪ್ಪಿಗೆ ಚೂರು ಕಂದು ಬೆರೆಸಬೇಕಾ, ಕಾಗದ ಬದಲಿಸಬೇಕಾ? ವಾದ ಮಾಡಬೇಡಿ. ಎರಡು ಪ್ರೂಫ್ ತೆಗೆದು ಪಕ್ಕಪಕ್ಕ ಇಡಿ, "ಇದಾ, ಅದಾ" ಅಂತ ಕೇಳಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸಿದ್ದನ್ನು ಆ ಪ್ರೂಫಿನ ಅಂಚಿನಲ್ಲೇ ಪೆನ್ಸಿಲಿನಲ್ಲಿ ಬರೆಯಿರಿ. ಇಂಕೂ ಒತ್ತಡವೂ ಒಟ್ಟಿಗೆ ಬದಲಾದರೆ ಚೆನ್ನಾಗಿ ಬಂದದ್ದು ಯಾಕೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಕಲಾವಿದರಿಗೂ ಒಂದು ಮಾತು: ಮುದ್ರಕರು "ಇದು ಆಗುವುದಿಲ್ಲ" ಅಂದರೆ ಯಾಕೆ ಅಂತ ಕೇಳಿ. ಪ್ಲೇಟ್ ಹಾಳಾಗುತ್ತದೆ ಅನ್ನುವುದು ಕಾರಣ. ನನಗೆ ಇಷ್ಟ ಇಲ್ಲ ಅನ್ನುವುದು ಕಾರಣ ಅಲ್ಲ, ಚಿತ್ರ ಹೇಗಿರಬೇಕು ಅನ್ನುವುದರಲ್ಲಿ ಕೊನೇ ಮಾತು ನಿಮ್ಮದೇ.

ಒರೆಸುವ ಕೆಲಸದ ಬಗ್ಗೆ ಸ್ವಲ್ಪ ಉದ್ದ ಹೇಳುತ್ತೇನೆ, ಯಾಕೆಂದರೆ ಪ್ರಿಂಟ್ ಹುಟ್ಟುವುದು ಅಲ್ಲಿ. ದಪ್ಪ ರಟ್ಟಿನ ತುಂಡಿನಿಂದ ಇಂಕನ್ನು ಪ್ಲೇಟ್ ಮೇಲೆಲ್ಲ ಎಳೆದು ಗೆರೆಗಳೊಳಗೆ ತುಂಬಿಸಿ. ಗಂಜಿ ಹಾಕಿದ ಜಾಳು ಬಟ್ಟೆಯನ್ನು, ಅಂದರೆ ಟಾರ್ಲಟನ್ ಅನ್ನು, ಅಡಿ ಚಪ್ಪಟೆ ಇರುವ ಉಂಡೆ ಮಾಡಿ ಸುತ್ತು ಸುತ್ತಾಗಿ ಒರೆಸಿ. ಒತ್ತಿದರೆ ಗೆರೆಯೊಳಗಿನ ಇಂಕೂ ಎದ್ದು ಬರುತ್ತದೆ, ಕೈ ಹಗುರ ಇರಲಿ. ಕೊನೆಗೆ ಅಂಗೈಗೆ ಒಂಚೂರು ಸೀಮೆಸುಣ್ಣದ ಪುಡಿ ಸವರಿಕೊಂಡು ಪ್ಲೇಟ್ ಮೇಲೆ ತೇಲಿಸಿದ ಹಾಗೆ ಬೀಸಿ, ಇಳಿಜಾರು ಮಾಡಿದ ಅಂಚುಗಳನ್ನು ಬಟ್ಟೆಯಿಂದ ಚೊಕ್ಕ ಮಾಡಿ. ಇಬ್ಬರು ಒರೆಸಿದ ಒಂದೇ ಪ್ಲೇಟ್ ಎರಡು ಬೇರೆ ಪ್ರಿಂಟ್ ಕೊಡುತ್ತದೆ. ಅದಕ್ಕೇ ನನ್ನ ಅಭಿಪ್ರಾಯದಲ್ಲಿ ಒಂದು ಎಡಿಷನ್, ಅಂದರೆ ಒಂದೇ ಚಿತ್ರದ ಎಣಿಸಿದ ಪ್ರತಿಗಳ ಗುಂಪು, ಪೂರ್ತಿ ಒಬ್ಬರೇ ಒರೆಸಬೇಕು. ಕೈ ಬದಲಿಸಲೇಬೇಕಾದರೆ ಹೊಸ ಕೈ ಹಳೇ ಪ್ರತಿಗೆ ಸರಿಸಮ ಬರುವ ತನಕ ಬರೀ ಪ್ರೂಫ್ ತೆಗೆಯಲಿ.

ಇಂಕಿನ ಕೈ, ಕಾಗದದ ಕೈ ಬೇರೆ ಇರಬೇಕು. ಒಬ್ಬರು ಪ್ಲೇಟ್ ನೋಡಿಕೊಂಡರೆ ಇನ್ನೊಬ್ಬರು ಕಾಗದ. ಹತ್ತಿಯ ದಪ್ಪ ಕಾಗದವನ್ನು ಮೊದಲೇ ನೆನೆಸಿ, ಬ್ಲಾಟಿಂಗ್ ಪೇಪರ್ ನಡುವೆ ಇಟ್ಟು, ಮೇಲ್ಮೈಯ ನೀರಿನ ಹೊಳಪು ಹೋದ ಮೇಲೆ ಪ್ರೆಸ್‌ಗೆ ತರಬೇಕು. ಮಡಿಸಿದ ಕಾಗದದ ಚೂರುಗಳಿಂದ ಹಿಡಿದರೆ ಬೆರಳಚ್ಚು ಬೀಳುವುದಿಲ್ಲ. ಕಲ್ಲಚ್ಚಿನಲ್ಲಂತೂ ಇಬ್ಬರಿಗೂ ಪುರುಸೊತ್ತೇ ಇಲ್ಲ: ಒಬ್ಬರು ಸ್ಪಂಜಿನಿಂದ ಕಲ್ಲಿಗೆ ತೆಳುವಾಗಿ ನೀರು ಸವರಬೇಕು, ತಕ್ಷಣ ಇನ್ನೊಬ್ಬರು ರೋಲರ್ ಓಡಿಸಬೇಕು, ಮತ್ತೆ ನೀರು, ಮತ್ತೆ ರೋಲರ್. ಕಲ್ಲು ಒಣಗಿತೋ, ಖಾಲಿ ಇರಬೇಕಾದ ಜಾಗಕ್ಕೂ ಇಂಕ್ ಹಿಡಿಯುತ್ತದೆ. ಆ ಹೊತ್ತಲ್ಲಿ ಫೋನ್ ನೋಡುವವರನ್ನು ಸ್ಪಂಜಿನ ಹತ್ತಿರ ನಿಲ್ಲಿಸಬೇಡಿ.

ಕಲಾವಿದರು "ಇದೇ" ಅಂದ ಪ್ರೂಫ್ ಮೇಲೆ ಅವರ ಸಹಿ ಹಾಕಿಸಿಕೊಳ್ಳಿ. ಇದಕ್ಕೆ ಸ್ಟುಡಿಯೋಗಳಲ್ಲಿ ಬಿ.ಎ.ಟಿ. ಅನ್ನುತ್ತಾರೆ, ಫ್ರೆಂಚಿನ 'ಬೋನ್ ಆ ತಿರೇ', ಅಂದರೆ ಅಚ್ಚು ಹಾಕಲು ಸರಿ ಅಂತ. ಈ ಸಹಿ ಇಲ್ಲದೆ ಎಡಿಷನ್ ಶುರು ಮಾಡಲೇಬೇಡಿ, ಯಾರು ಎಷ್ಟೇ ಅವಸರ ಮಾಡಲಿ. ಅದನ್ನು ಒಳ್ಳೆ ಬೆಳಕಿನಲ್ಲಿ ತೂಗುಹಾಕಿ, ಪ್ರತಿ ಪ್ರಿಂಟನ್ನೂ ಅದರ ಪಕ್ಕ ಹಿಡಿದು ನೋಡಿ. ಪ್ರತಿಗಳ ಮೇಲೆ ಪೆನ್ಸಿಲಿನಲ್ಲಿ 7/30 ಅಂತ ಬರೆದರೆ ಮೂವತ್ತರಲ್ಲಿ ಏಳನೆಯದು ಅಂತ. ಇದರ ಹೊರಗೆ ಕಲಾವಿದರು ತಮಗಾಗಿ ಇಟ್ಟುಕೊಳ್ಳುವ ಪ್ರತಿಗಳು, ಅಂದರೆ ಕಲಾವಿದರ ಪ್ರೂಫ್‌ಗಳು ಇರುತ್ತವೆ, ಎಡಿಷನ್ನಿನ ಶೇಕಡ 10ರಷ್ಟು ಇಟ್ಟುಕೊಳ್ಳುವುದು ರೂಢಿ. ಮುದ್ರಕರಿಗೂ ಅವರ ಪ್ರೂಫ್ ಸಲ್ಲಬೇಕು. ಕಾಗದದ ಮೂಲೆಯಲ್ಲಿ ಸ್ಟುಡಿಯೋದ ಉಬ್ಬು ಮುದ್ರೆ ಒತ್ತುವ ಕಡೆ ಮುದ್ರಕರದೂ ಒತ್ತಿ.

ಕೆಲವು ವಿಷಯಕ್ಕೆ ಚರ್ಚೆಯೇ ಬೇಡ. ಆಸಿಡ್ಡನ್ನು ನೀರಿಗೆ ಹಾಕಿ, ನೀರನ್ನು ಆಸಿಡ್ಡಿಗೆ ಹಾಕಬೇಡಿ. ತಾಮ್ರದ ಪ್ಲೇಟ್ ಇಳಿಸುವ ದ್ರಾವಣದ ಟ್ರೇಗೆ ಸತುವಿನ ಪ್ಲೇಟ್ ಇಳಿಸಬೇಡಿ. ಅಗಸೆ ಎಣ್ಣೆ ಹೀರಿದ ಬಟ್ಟೆ ರಾಶಿ ಬಿದ್ದಿದ್ದರೆ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು, ಮುಚ್ಚಳವಿರುವ ಲೋಹದ ಡಬ್ಬಿಗೇ ಹಾಕಿ. ಕೂದಲು ಕಟ್ಟಿಕೊಳ್ಳಿ. ಸಂಜೆ ಹೋಗುವ ಮುಂಚೆ ಪ್ರೆಸ್‌ನ ಕಂಬಳಿಗಳನ್ನು ಸಿಲಿಂಡರಿನ ಅಡಿಯಿಂದ ಎಳೆದು ಬಿಡಿ, ಇಂಕ್ ಕಲಸಿದ ಗಾಜನ್ನು ಅಡುಗೆ ಎಣ್ಣೆಯಿಂದ ಒರೆಸಿ, ಆಮೇಲೆ ಸೋಪು. ಬೆಳಗ್ಗೆ ಬಂದವರು ಬೇರೆಯವರ ಒಣಗಿದ ಇಂಕ್ ಕೆರೆಯುತ್ತಾ ನಿಂತರೆ ಆ ಸ್ಟುಡಿಯೋದಲ್ಲಿ ಸ್ನೇಹ ಜಾಸ್ತಿ ದಿನ ಉಳಿಯಲ್ಲ.

ಎಡಿಷನ್ ಮುಗಿದ ಮೇಲೆ ಪ್ರತಿಗಳನ್ನು ಹಲಗೆಗಳ ನಡುವೆ ಭಾರ ಇಟ್ಟು ಒಣಗಿಸಿ. ಪೂರ್ತಿ ಒಣಗಿದ ಮೇಲೆ ಇಬ್ಬರೂ ಕೂತು ಒಂದೊಂದಾಗಿ ನೋಡಿ, ಬಿ.ಎ.ಟಿ.ಗೆ ಹೊಂದದ್ದನ್ನು ಅಲ್ಲೇ ಹರಿದುಹಾಕಿ. ಎತ್ತಿಟ್ಟರೆ ಯಾವತ್ತೋ ಒಂದು ದಿನ ಸಂಖ್ಯೆಯಿಲ್ಲದ ಪ್ರತಿ ಹೊರಗೆ ಕಾಣಿಸಿಕೊಳ್ಳುತ್ತದೆ, ಆಗ ಪ್ರಶ್ನೆ ಬರುವುದು ಇಬ್ಬರ ಮೇಲೂ. ಕೊನೆಗೆ, ಮತ್ತೆ ಆ ಎಡಿಷನ್ ಅಚ್ಚು ಹಾಕಲಾಗದ ಹಾಗೆ, ಕಲಾವಿದರೇ ಪ್ಲೇಟ್ ಮೇಲೆ ಆಳವಾಗಿ ಅಡ್ಡಗೆರೆ ಎಳೆಯಲಿ. ಆ ಗೆರೆ ಸಮೇತ ಒಂದು ಪ್ರತಿ ತೆಗೆದು, ಇಂಕಿನ ಅಳತೆ, ಕಾಗದದ ಹೆಸರು, ತಾರೀಕು ಬರೆದ ಹಾಳೆಯ ಜೊತೆ ಫೈಲಿಗೆ ಸೇರಿಸಿ.