82 ಗ್ರಾಂ ಚಾಕು, ಒಂದು ತಿಂಗಳ ಲೆಕ್ಕ

ಜೇಬಿನಲ್ಲಿಡುವ ಚಾಕು ಅಂತ ಮೊದಲು ಕೊಂಡಿದ್ದು ಚಾಕು, ಇಕ್ಕಳ ಎಲ್ಲ ಒಂದರಲ್ಲೇ ಮಡಚಿಕೊಳ್ಳುವ ದೊಡ್ಡ ಮಲ್ಟಿಟೂಲ್. ಹೆಚ್ಚುಕಡಿಮೆ ಕಾಲು ಕಿಲೋ ತೂಕ. ಜೇಬಿಗೆ ಹಾಕಿದರೆ ಪ್ಯಾಂಟೇ ಜಾರುತ್ತಿತ್ತು. ಎರಡು ವಾರದಲ್ಲಿ ಸ್ಕೂಟರ್ ಡಿಕ್ಕಿ ಸೇರಿತು. ಕುಮಾರಪರ್ವತ ಹತ್ತುವಾಗ ಗೆಳೆಯನ ಶೂ ಅಟ್ಟೆ ಕಿತ್ತು ಬಂತು. ಕಟ್ಟಲು ಹುರಿ ಇತ್ತು, ಕತ್ತರಿಸಲು ಏನೂ ಇರಲಿಲ್ಲ. ಚಾಕು ಬೆಂಗಳೂರಿನಲ್ಲಿ, ಸ್ಕೂಟರ್ ಡಿಕ್ಕಿಯಲ್ಲೇ ಇತ್ತು!

ಎರಡನೆಯದು ಜಾತ್ರೆಯಲ್ಲಿ ಕೊಂಡ ಅಗ್ಗದ ಮಡಚುವ ಚಾಕು. ಬೆಲ್ಟಿಗೆ ತೂತು ಮಾಡೋಣ ಅಂತ ಅಲಗಿನ ತುದಿ ಒತ್ತಿದೆ. ಫಕ್ಕನೆ ಮಡಚಿಕೊಂಡು ತೋರುಬೆರಳಿಗೆ ಕಚ್ಚಿತು. ಎರಡು ಹೊಲಿಗೆ ಬಿತ್ತು. ತಪ್ಪು ನನ್ನದೂ ಹೌದು. ಇಂಥ ಸಣ್ಣ ಚಾಕುಗಳಲ್ಲಿ ಹೆಚ್ಚಿನವಕ್ಕೆ ಲಾಕ್ ಇರುವುದಿಲ್ಲ. ಅಲಗನ್ನು ಹಿಡಿದಿಡುವುದು ಬೆನ್ನಿನ ಸ್ಪ್ರಿಂಗ್ ಮಾತ್ರ. ಕೊಯ್ಯಲು ಸಾಕು, ಚುಚ್ಚಲು ಹೋಗಬಾರದು.

ಮೂರನೆಯದಕ್ಕೆ ಅಂಗಡಿಗೆ ಹೋಗುವ ಮುಂಚೆ ಒಂದು ತಿಂಗಳು ಲೆಕ್ಕ ಬರೆದೆ. 'ಛೆ, ಈಗ ಏನಾದರೂ ಇದ್ದಿದ್ದರೆ' ಅನ್ನಿಸಿದಾಗಲೆಲ್ಲ ಫೋನಿನಲ್ಲಿ ಒಂದು ಸಾಲು. ಒಟ್ಟು 31 ಸಲ. ಅದರಲ್ಲಿ 14 ಸಲ ಬೇಕಾಗಿದ್ದು ಕತ್ತರಿ! ಹಾಲಿನ ಪ್ಯಾಕೆಟ್, ಅಂಗಿಯ ದಾರ, ಮಾತ್ರೆಯ ಪಟ್ಟಿ, ಕಿತ್ತ ಉಗುರು. ಅಲಗು 9 ಸಲ, ಸ್ಕ್ರೂಡ್ರೈವರ್ 5, ಮುಳ್ಳು ತೆಗೆಯಲು ಚಿಮಟ 2, ಇಕ್ಕಳ ಒಂದೇ ಸಲ. ಗರಗಸ ಬೇಕಾಗಲೇ ಇಲ್ಲ.

ಅಲ್ಲಿಗೆ ಆಯ್ಕೆ ಸುಲಭವಾಯಿತು. ಸ್ವಿಸ್ ಚಾಕು ಕಂಪನಿ ವಿಕ್ಟೋರಿನಾಕ್ಸ್‌ನ ಮಾದರಿಗಳನ್ನು ನೋಡಿದೆ. ಸ್ಪಾರ್ಟನ್ ಹಗುರ, ಆದರೆ ಕತ್ತರಿ ಇಲ್ಲ. 58 ಮಿ.ಮೀ. ಉದ್ದದ ಕ್ಲಾಸಿಕ್‌ನಲ್ಲಿ ಕತ್ತರಿ ಇದೆ, ಅಲಗು ಮಾತ್ರ ಮಾವಿನಹಣ್ಣಿಗೂ ಸಾಲದು. ಹಂಟ್ಸ್‌ಮನ್‌ನಲ್ಲಿ ಗರಗಸವೂ ಉಂಟು. ನೋಡಿದರೆ ಆಸೆ ಆಗುತ್ತದೆ, ಸುಳ್ಳೇಕೆ? ಆದರೆ ಲೆಕ್ಕ ಕೈಯಲ್ಲೇ ಇತ್ತಲ್ವಾ. ಕತ್ತರಿ ಇದ್ದು ಗರಗಸ ಇಲ್ಲದ ಕ್ಲೈಂಬರ್ ತೆಗೆದುಕೊಂಡೆ. ಮಡಚಿದಾಗ 91 ಮಿ.ಮೀ., ತೂಕ 82 ಗ್ರಾಂ.

ಅದರ ಬೆನ್ನಲ್ಲಿ ಬಾಟಲಿಯ ಬಿರಡೆ ಕೀಳುವ ಸುರುಳಿ ಇದೆ. ವೈನ್ ಕುಡಿಯದ ನನಗೆ ಯಾಕೆ ಅಂದುಕೊಂಡಿದ್ದೆ. ಬಿಗಿದ ಗಂಟು ಬಿಚ್ಚಲು ಅದಕ್ಕಿಂತ ಒಳ್ಳೆಯದಿಲ್ಲ. ಕನ್ನಡಕಕ್ಕೆ ಅಂತ ಸಿಗುವ ಪುಟಾಣಿ ಸ್ಕ್ರೂಡ್ರೈವರನ್ನೂ ಆ ಸುರುಳಿಯೊಳಗೇ ತಿರುಗಿಸಿ ಇಡಬಹುದು. ಪಕ್ಕದ ಕೊಕ್ಕೆಗೆ ಭಾರದ ಕವರ್ ಸಿಕ್ಕಿಸಿದರೆ ಬೆರಳು ಕೊಯ್ಯುವುದಿಲ್ಲ. ತೂತು ಮಾಡಲು ಬೇರೆ ದಬ್ಬಣವೇ ಇದೆ. ಅದಕ್ಕೂ ಲಾಕ್ ಇಲ್ಲ, ಹಾಗಾಗಿ ನಾನೀಗ ನೇರವಾಗಿ ಒತ್ತುತ್ತೇನೆ, ಬೆರಳು ಮಡಿಕೆಯ ದಾರಿಯಲ್ಲಿ ಇಡುವುದಿಲ್ಲ.

ನಿಂಬೆಹಣ್ಣು ಕೊಯ್ದ ದಿನ ತಪ್ಪದೆ ತೊಳೆದು ಒರೆಸುತ್ತೇನೆ. ಹುಳಿ ಬಿಟ್ಟರೆ ಸ್ಟೇನ್‌ಲೆಸ್ ಸ್ಟೀಲಿಗೂ ಕಲೆ ಕೂರುತ್ತದೆ. ಜೇಬಿನ ಧೂಳು ಕೂತು ಬಿಗಿಯಾದರೆ ಬಿಸಿನೀರಲ್ಲಿ ಮುಳುಗಿಸಿ ನಾಲ್ಕು ಸಲ ತೆಗೆದು ಮಡಚಿ, ಒಣಗಿಸಿ, ಹೊಲಿಗೆ ಮೆಷಿನ್ ಎಣ್ಣೆ ಒಂದು ಹನಿ. ಕೊಬ್ಬರಿ ಎಣ್ಣೆ ಹಾಕಿ ನೋಡಿದ್ದೆ, ದಿನ ಕಳೆದಂತೆ ಅಂಟಂಟಾಯಿತು.

ವಿಮಾನದಲ್ಲಿ ಹೋಗುವಾಗ ಮಾತ್ರ ಎಚ್ಚರ. ಕ್ಯಾಬಿನ್ ಬ್ಯಾಗಿನಲ್ಲಿ ಚಾಕು ಬಿಡುವುದಿಲ್ಲ. ನನ್ನ ಮೊದಲ ಕ್ಲೈಂಬರ್ ಹೋಗಿದ್ದು ಹಾಗೇ, ತಪಾಸಣೆಯ ಡಬ್ಬಿಗೆ. ಈಗ ಇರುವುದು ಎರಡನೆಯದು.

ಕಳೆದ ವರ್ಷ ಇದರ ಕತ್ತರಿಯ ಸ್ಪ್ರಿಂಗ್ ಮುರಿಯಿತು. ಈ ಚಾಕುವಿನಲ್ಲಿ ಬೇಗ ಸೋಲುವ ಭಾಗ ಅದೇ. ಬಿಡಿಯಾಗಿ ಸಿಗುತ್ತದೆ. ಬರುವ ತನಕ ಪ್ರತಿ ಸಲ ಬೆರಳಿನಿಂದ ಕತ್ತರಿ ಅಗಲಿಸಿಕೊಂಡು ಹಾಲಿನ ಪ್ಯಾಕೆಟ್ ಕತ್ತರಿಸಿದೆ.