ಕರ್ನಾಟಕದ ಕಾಲೇಜಿನಿಂದ ಪುಣೆ ವಿದ್ಯಾಪೀಠಕ್ಕೆ: ಪದವಿಯ ನಡುವೆ ಕಾಲೇಜು ಬದಲಿಸುವವರಿಗೆ

ಅಪ್ಪನಿಗೆ ಪುಣೆಗೆ ವರ್ಗವಾಯಿತೆಂದು ಧಾರವಾಡದ ಕಾಲೇಜಿನಿಂದ ಮೊದಲೇ ಟಿಸಿ ತೆಗೆದುಕೊಳ್ಳಬೇಡಿ. ಅಲ್ಲಿ ಸೀಟು ಸಿಗದಿದ್ದರೆ ಎರಡೂ ಕಡೆ ಇಲ್ಲದಂತಾಗುತ್ತದೆ. ಮೊದಲು ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯದ ಅಧೀನ ಕಾಲೇಜೊಂದರಲ್ಲಿ ಖಾಲಿ ಸೀಟು ಖಚಿತಪಡಿಸಿಕೊಳ್ಳಿ.

ನಿಜವಾದ ತೊಡಕು ಪ್ರತಿ ವಿಷಯ ಪಾಸಾದಾಗ ಸಿಗುವ ಅಂಶಗಳಾದ ಕ್ರೆಡಿಟ್‌ಗಳದ್ದು. ಕರ್ನಾಟಕ 2024-25ರಿಂದ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿ ಬಿಟ್ಟು ಮೂರು ವರ್ಷದ ಪದವಿಗೆ ಮರಳಿದೆ. ಮಹಾರಾಷ್ಟ್ರ ಆ ನೀತಿಯ ಚೌಕಟ್ಟಿನಲ್ಲೇ ನಡೆಯುತ್ತಿದೆ. ಹಾಗಾಗಿ ಒಂದೇ ಹೆಸರಿನ ವಿಷಯವಾದರೂ ಪಾಠದ ಭಾಗಗಳು, ಕ್ರೆಡಿಟ್‌ಗಳು ಬೇರೆಯಾಗಬಹುದು. ಓದಿದ ಪ್ರತಿ ಪತ್ರಿಕೆಯ ಸಿಲಬಸ್ಸನ್ನು ಕಾಲೇಜಿನ ಮೊಹರು ಹಾಕಿಸಿ ಒಯ್ಯಿರಿ. ಬರಿಯ ಮಾರ್ಕ್ಸ್‌ಕಾರ್ಡ್ ನೋಡಿ ಯಾರೂ ಸಮಾನತೆ ಹೇಳಲಾರರು. ಡಿಜಿಲಾಕರ್‌ನಲ್ಲಿ ಎಬಿಸಿ (ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್, ಕ್ರೆಡಿಟ್ ಕೂಡಿಡುವ ವ್ಯವಸ್ಥೆ) ಖಾತೆ ತೆರೆದು, ಹಳೆಯ ವಿಶ್ವವಿದ್ಯಾಲಯ ಕ್ರೆಡಿಟ್ ಏರಿಸಿದೆಯೇ ನೋಡಿ. ಏರಿಸಿರದಿದ್ದರೆ ಬಿಡುವ ಮುಂಚೆಯೇ ಬೆನ್ನು ಹತ್ತಿ. ಬಿಟ್ಟ ವಿದ್ಯಾರ್ಥಿಯ ಮಾತು ಯಾವ ಕಚೇರಿಗೂ ಬೇಗ ಕೇಳಿಸುವುದಿಲ್ಲ.

ಸೀಟು ಸಿಕ್ಕ ಮೇಲೆ ಟಿಸಿ, ಹಳೆಯ ವಿಶ್ವವಿದ್ಯಾಲಯದ ಮೈಗ್ರೇಷನ್ ಸರ್ಟಿಫಿಕೇಟ್ ಪಡೆದು, ಹೊಸ ಕಾಲೇಜಿನ ಮೂಲಕ ಎಲಿಜಿಬಿಲಿಟಿ (ಅಲ್ಲಿ ಓದಲು ಅರ್ಹತೆಯ) ಅರ್ಜಿ ಹಾಕಿ. ಮೂಲಪ್ರತಿ ಕೊಡುವ ಮುನ್ನ ಜೆರಾಕ್ಸ್, ಸ್ಕ್ಯಾನ್ ಎರಡೂ ಇರಲಿ. ಮೂರನೇ ಸೆಮಿಸ್ಟರಿನ ಆರಂಭವೇ ಸೂಕ್ತ ಸಮಯ. ಬಾಕಿ ವಿಷಯಗಳಿದ್ದರೆ ಮುಗಿಸಿಕೊಂಡೇ ಹೊರಡಿ.

ಹೆಸರಿನಲ್ಲಿ ಎಡವುವವರು ಬಹಳ. ಅಲ್ಲಿನ ಅರ್ಜಿಗಳಲ್ಲಿ ಅಡ್ಡಹೆಸರು, ಸ್ವಂತ ಹೆಸರು, ತಂದೆಯ ಹೆಸರು ಎಂಬ ಕ್ರಮ. ನಮ್ಮ ಇನಿಷಿಯಲ್‌ಗಳು ಅಲ್ಲಿ ಕೂರುವುದಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್ ಎರಡರಲ್ಲೂ ಹೆಸರು ಒಂದೇ ರೀತಿ ಇರದಿದ್ದರೆ ಮೊದಲು ಅದನ್ನು ಸರಿಪಡಿಸಿ.

ಕರ್ನಾಟಕದ ಜಾತಿ ಪ್ರಮಾಣಪತ್ರದ ಮೇಲೆ ಮಹಾರಾಷ್ಟ್ರದ ಮೀಸಲಾತಿ ಸೀಟು ಸಿಗದು; ಶುಲ್ಕದ ಲೆಕ್ಕ ಸಾಮಾನ್ಯ ವರ್ಗದಂತೆಯೇ ಹಾಕಿಕೊಳ್ಳಿ.